ಬಲಗಿವಿ

ಬೆನ್ನ ಹಿಂದೆ ನಿಂತ ತೆನಿಂಗ್ ಏನೋ ಪಿಸುಗುಟ್ಟಿದಳು ಅನ್ನುವುದು ಲಾತಿರನಿಗೆ ಗೊತ್ತಾದದ್ದು ಅವಳ ಉಸಿರು ಕುತ್ತಿಗೆಗೆ ಬಿಸಿಯಾಗಿ ತಾಕಿದ್ದರಿಂದ. ಎಡಗಿವಿಯೊಳಗೆ ಬೆರಳು ತುರುಕಿಕೊಂಡು, ಅಂಗಳದ ಮಣೆಯ ಮೇಲೆ, ಮೇಷ್ಟ್ರಿಗೆ ಹೆದರಿದವನ ಹಾಗೆ ನೆಟ್ಟಗೆ ಕೂತಿದ್ದ. ಅರವತ್ತಾರು, ಅಂದ. ಸರಿ, ಅಂದಳು. ಮತ್ತೆ ಉಸಿರು ತಾಕಿತು. ಐವತ್ತಾರು, ಅಂದ. ಅದೂ ಸರಿಯಂತೆ. ಇಷ್ಟು ದಿನ ಸಂಸಾರ ಮಾಡಿದವಳಲ್ಲವೇ, ಅವಳ ದನಿ ಕಿವಿಗೆ ಬೀಳುವುದಕ್ಕಿಂತ ಮೊದಲು ಮನಸ್ಸಿಗೇ ಬಿದ್ದುಬಿಡುತ್ತದೆ, ಹಾಗಾಗಿ ಇದು ಕೇಳಿಸಿದ್ದೋ ಊಹಿಸಿದ್ದೋ ಅವನಿಗೇ ತಿಳಿಯುತ್ತಿರಲಿಲ್ಲ. ಹಿಂದಿನ ಅಂಗಳದಲ್ಲಿ ಮೀನು ಹೊಗೆಗೆ ಹಾಕಿದ್ದರು, ಗಾಳಿ ತಿರುಗಿದಾಗಲೆಲ್ಲ ಕಣ್ಣು ಉರಿಯುತ್ತಿತ್ತು. ಸುಮ್ಮನೆ ಒಂದು ಅನುಮಾನ ಬಂತು. ಅವಳ ಉಸಿರು ತಾಕುವ ಮೊದಲೇ, ಅವಳಿನ್ನೂ ಬಾಯಿ ತೆರೆಯದೆ ಇರುವಾಗಲೇ, ಎಂಬತ್ತೊಂದು ಅಂದುಬಿಟ್ಟ. ಸರಿ, ಅಂದಳು ತೆನಿಂಗ್. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತಂದು ಅವನ ತೊಡೆಯ ಮೇಲಿಟ್ಟಳು, ಕಾಲರು ಸ್ವಲ್ಪ ಸವೆದಿದೆ, ಡಾಕ್ಟರು ಕಾಲರು ನೋಡಲ್ಲ ಬಿಡಿ, ಅಂದಳು. ಇದನ್ನು ಮಾತ್ರ ಜೋರಾಗಿಯೇ ಅಂದಳು, ಈಚೆಗೆ ಮನೆಯಲ್ಲಿ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ, ಯಾಕೆ ಅಂತ ಯಾರೂ ಹೇಳುವುದಿಲ್ಲ.

ಜೊವಾಲ್‌ನಿಂದ ಎಂಬೂರ್‌ವರೆಗೆ ಜನ ಹೊತ್ತು ಓಡಾಡುವ ವ್ಯಾನಿನ ಡ್ರೈವರು ಅವನು. ಅವನ ವಯಸ್ಸಿನವರು ಲೈಸೆನ್ಸು ಹೊಸದು ಮಾಡಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಕಣ್ಣು, ರಕ್ತದ ಒತ್ತಡ, ಮೊಣಕಾಲು ಯಾವುದಕ್ಕೂ ಅವನು ಹೆದರಲಿಲ್ಲ, ಹೆದರಿದ್ದು ಕಿವಿಗೆ. ಡಾಕ್ಟರು ಹಿಂದೆ ನಿಂತು ಪಿಸುಗುಟ್ಟುತ್ತಾನೆ, ಅಂದದ್ದನ್ನು ತಿರುಗಿ ಹೇಳಬೇಕು, ಅಷ್ಟೆ ಅಂತೆ. ವ್ಯಾನ್ ಸ್ಟ್ಯಾಂಡಿನಲ್ಲಿ ಚಹಾ ಕಾಯಿಸುತ್ತ ಕೂತವರೆಲ್ಲ ಆಗಲೇ ಪರೀಕ್ಷೆ ಪಾಸಾದ ಪಂಡಿತರು. ಬಿರಾಮ್ ಅನ್ನುವವನಂತೂ ಇಡೀ ಗುಟ್ಟನ್ನೇ ಬಿಚ್ಚಿಟ್ಟ. ಆ ಡಾಕ್ಟರಿಗೆ ಆರು ಅಂದರೆ ಪ್ರೀತಿಯಂತೆ, ಅರವತ್ತಾರು, ಐವತ್ತಾರು, ಎಪ್ಪತ್ತಾರು, ಈ ಸುತ್ತಿನಲ್ಲೇ ಓಡಾಡುತ್ತಾನಂತೆ, ಕೇಳಿಸದಿದ್ದರೆ ಇದರಲ್ಲೊಂದು ಅಂದುಬಿಡು, ಮೂರರಲ್ಲಿ ಎರಡು ಸರಿ ಬಿದ್ದರೆ ಸಾಕು ಅಂದ. ಇನ್ನೊಬ್ಬ, ಈ ಕಷ್ಟ ಯಾಕೆ ಮಾರಾಯ, ನನಗೊಬ್ಬ ಪರಿಚಯದವನಿದ್ದಾನೆ, ಡಾಕ್ಟರ ಮುಖ ನೋಡದೆ ಸರ್ಟಿಫಿಕೇಟು ಕೈಗೆ ಬರುತ್ತೆ, ಅಂದ. ಲಾತಿರ್ ಬೇಡ ಅಂದ. ಎಲ್ಲರೂ ನಕ್ಕರು, ಇವನು ಇಗರ್ಜಿಯ ಮುಂದಿನ ಬೆಂಚಿನವನಪ್ಪಾ, ಸುಳ್ಳು ಸರ್ಟಿಫಿಕೇಟು ಇಟ್ಟುಕೊಂಡರೆ ಜೇಬು ಸುಡುತ್ತೆ, ಅಂತ ಆಡಿಕೊಂಡರು. ಆಡಿಕೊಳ್ಳಲಿ. ಪ್ರಾಮಾಣಿಕತೆಯ ಮಾತೇ ಅಲ್ಲ ಇದು. ನನ್ನ ಕಿವಿ ನೆಟ್ಟಗಿದೆ ಅಂತ ಒಬ್ಬ ತಿಳಿದವನು, ನನ್ನ ಪರಿಚಯವಿಲ್ಲದವನು, ನಿಜವಾಗಿ ಪರೀಕ್ಷೆ ಮಾಡಿ ಹೇಳಬೇಕು. ಹೇಳಿದರೆ, ಸತ್ತುಹೋದ ದಿಬೋರ್ ಆವತ್ತು ವ್ಯಾನಿನ ತಗಡು ಬಡಿದಿರಲಿಲ್ಲ. ಕಿವಿ ಕೆಟ್ಟಿದೆ ಅಂದರೆ ಬಡಿದಿದ್ದಳು. ಲೈಸೆನ್ಸು ಹೋದರೆ ಹೊಟ್ಟೆಗೆ ಕಷ್ಟ, ಅದು ಬೇರೆ ಮಾತು. ಹೊಟ್ಟೆಯ ಕಷ್ಟಕ್ಕೆ ಮನುಷ್ಯ ಹೀಗೆ ಒಳಗೊಳಗೇ ನಡುಗುವುದಿಲ್ಲ.

ದಿಬೋರ್ ಹೊಗೆಮೀನು ಮಾರುವವಳು, ವಾರಕ್ಕೆ ಎರಡು ಮೂರು ಸಲ ಅವನ ವ್ಯಾನಿನಲ್ಲೇ ಹೋಗಿಬರುತ್ತಿದ್ದವಳು. ಇಳಿಯುವವರು ಕೈಯಲ್ಲಿದ್ದ ನಾಣ್ಯದಿಂದ ವ್ಯಾನಿನ ತಗಡಿಗೆ ಟಣ್ ಅಂತ ಬಡಿಯಬೇಕು, ಡ್ರೈವರು ನಿಲ್ಲಿಸಬೇಕು, ಇಳಿದಾದ ಮೇಲೆ ಹಿಂದಿನ ಮೆಟ್ಟಿಲಿನಲ್ಲಿ ನಿಂತ ಸಹಾಯಕ ಎರಡು ಸಲ ಬಡಿದು ಹೊರಡು ಅನ್ನಬೇಕು. ಆವತ್ತು ಸಹಾಯಕನಿಗೆ ಜ್ವರ, ಬಂದಿರಲಿಲ್ಲ. ಬಾವೊಬಾಬ್ ಮರಗಳ ತಿರುವಿನಲ್ಲಿ ರಸ್ತೆ ಪಕ್ಕ ಒಬ್ಬ ಕೈ ಅಡ್ಡ ಹಿಡಿದ, ಲಾತಿರ್ ನಿಲ್ಲಿಸಿ ಅವನನ್ನು ಮುಂದೆ ಹತ್ತಿಸಿಕೊಂಡ. ಅದೇ ಹೊತ್ತಿಗೆ ಹಿಂದಿನಿಂದ ದಿಬೋರ್ ತಲೆಯ ಮೇಲೆ ಬೋಗುಣಿ ಹೊತ್ತು ಇಳಿಯುತ್ತಿದ್ದಳು. ಅವನು ಹೊರಟ. ಜನ ಕೂಗಿಕೊಂಡದ್ದು ಕೇಳಿಸಿತು, ಅದಂತೂ ಕೇಳಿಸಿತು, ಸತ್ತವನಿಗೂ ಕೇಳಿಸುವ ಹಾಗೆ ಕೂಗಿಕೊಂಡರು. ಇಳಿದು ಓಡಿ ಬಂದಾಗ ಅವಳ ತಲೆ ಕಲ್ಲಿನ ಮೇಲಿತ್ತು, ಮೀನು ಮರಳಿನ ತುಂಬ ಚೆಲ್ಲಿತ್ತು, ಯಾರೋ ಒಬ್ಬರು ಮೀನು ಆರಿಸಿ ಬೋಗುಣಿಗೆ ಹಾಕುತ್ತಿದ್ದರು, ಈಗ ಅದರ ಅಗತ್ಯ ಏನಿತ್ತೋ. ಬಡಿದಳಾ, ಬಡಿಯಲಿಲ್ಲವಾ ಅಂತ ಪೊಲೀಸರು ಎಲ್ಲರನ್ನೂ ಕೇಳಿದರು. ಡ್ರೈವರನ್ನು ಮೊದಲು ಕೇಳಿದರು. ನನಗೆ ಕೇಳಿಸಲಿಲ್ಲ, ಅಂದ. ಅದು ನಿಜವಾದ ಮಾತು, ಒಂದಕ್ಷರ ಸುಳ್ಳಿಲ್ಲ. ಆದರೆ ಅವನ ಬಾಯಿಂದ ಹೊರಟು ಪೊಲೀಸಿನವನ ಬಾಯಿಗೆ ಬರುವಷ್ಟರಲ್ಲಿ ಅದು ಅವಳು ಬಡಿಯಲಿಲ್ಲ ಅಂತಾಯಿತು. ವ್ಯಾನಿನೊಳಗಿದ್ದವರೆಲ್ಲ ಅವನ ಪರಿಚಯದವರೇ, ಹೌದು ಹೌದು ಬಡಿಯಲಿಲ್ಲ ಅಂದರು. ಕೊನೆಯ ಸೀಟಿನ ಒಬ್ಬ ಮುದುಕಿ ಮಾತ್ರ, ಟಣ್ ಅಂದ ಹಾಗಿತ್ತಪ್ಪ, ಅಂದಳು. ನಾಲ್ಕು ಜನ ಅವಳ ಕಡೆ ತಿರುಗಿ ನೋಡಿದರು. ನನಗೆ ವಯಸ್ಸಾಯಿತು, ನನ್ನ ಮಾತು ಬಿಡಿ, ಅಂದಳು ಮುದುಕಿ. ಬಡಿಯದೆ, ಹೊರಟ ಗಾಡಿಯಿಂದ ಅವಸರದಲ್ಲಿ ಇಳಿದಳು ಅಂತ ತೀರ್ಮಾನವಾಯಿತು.

ಅವಸರ ಅನ್ನುವ ಮಾತು ಮಣ್ಣಿನ ದಿನ ಗಟ್ಟಿಯಾಯಿತು. ಲಾತಿರ್, ದಿಬೋರ್ ಎಲ್ಲ ಸೆರೆರ್ ಬುಡಕಟ್ಟಿನ ಜನ. ಸೆರೆರರಿಗೂ ತುಕುಲೋರ್ ಅನ್ನುವ ಇನ್ನೊಂದು ಬುಡಕಟ್ಟಿನವರಿಗೂ ಅಜ್ಜಂದಿರ ಕಾಲದಿಂದ ಬಂದ ಗೇಲಿಯ ನೆಂಟಸ್ತಿಕೆ. ಇವರು ಅವರನ್ನು ನಮ್ಮ ಮನೆಯ ಆಳು ಅನ್ನಬೇಕು, ಅವರು ಇವರನ್ನು ಅನ್ನಬೇಕು, ಅನ್ನಿಸಿಕೊಂಡವನು ತಕ್ಷಣ ತಿರುಗಿಸಿ ಕೊಡಬೇಕು. ಸುಮ್ಮನಿದ್ದರೆ ಸೋತ, ಬೇಜಾರು ಮಾಡಿಕೊಂಡರೆ ಇನ್ನೂ ಸೋತ. ಮದುವೆಮನೆ, ಪೊಲೀಸ್ ಠಾಣೆ, ಸಾವಿನ ಮನೆ ಯಾವುದಕ್ಕೂ ರಿಯಾಯಿತಿ ಇಲ್ಲ. ದಿಬೋರಳ ಹೆಣ ಅಂಗಳದಲ್ಲಿದ್ದಾಗ ನೆರೆಮನೆಯ ತುಕುಲೋರ್ ಹೆಂಗಸು ಬಂದು, ಸೊಂಟದ ಮೇಲೆ ಕೈಯಿಟ್ಟು, ಎದ್ದೇಳೇ ನಮ್ಮ ಮನೆ ಆಳೇ, ಹೇಳದೆ ಕೇಳದೆ ಎಲ್ಲಿಗೆ ಹೊರಟೆ, ಇವಳಿಗೆ ಎಲ್ಲದಕ್ಕೂ ಅವಸರ, ಸಾಯೋದಕ್ಕೂ ಅವಸರ, ಅಂತ ಬೈದಳು. ಅಳುತ್ತಿದ್ದವರೆಲ್ಲ ನಕ್ಕರು. ದಿಬೋರಳ ತಾಯಿಯೂ ನಕ್ಕಳು, ನಗುತ್ತಲೇ ಹೌದು ಕಣೇ, ಹುಟ್ಟುವಾಗಲೂ ಸೂಲಗಿತ್ತಿ ಬರುವ ತನಕ ಕಾಯಲಿಲ್ಲ, ಅಂದಳು. ಅಲ್ಲಿಂದ ಅದೇ ಮಾತಾಯಿತು. ಈಗಲೂ ಆ ತಾಯಿ ಎದುರಿಗೆ ಸಿಕ್ಕರೆ ಲಾತಿರನ ಕೈಹಿಡಿದು ಸಮಾಧಾನ ಹೇಳುತ್ತಾಳೆ, ನೀನು ಕೊರಗಬೇಡ ಮಗನೇ, ನನ್ನ ಮಗಳದೇ ತಪ್ಪು, ಅವಳು ಅವಸರದ ಮುಂಡೇದು, ಅಂತ. ಹಬ್ಬಕ್ಕೆ ಸಜ್ಜೆಯ ಊಟ ಕಳಿಸಿದ್ದಳು. ಬಟ್ಟಲಿನ ಮುಚ್ಚಳ ತೆಗೆದವನು ಮತ್ತೆ ಮುಚ್ಚಿ ಪಕ್ಕಕ್ಕೆ ಸರಿಸಿದ್ದ. ಪಾದ್ರಿಯ ಮುಂದೆ ಮಂಡಿಯೂರಿ ಹೇಳಿಕೊಂಡರೆ ಹಗುರವಾದೀತೇನೋ, ಆದರೆ ಏನಂತ ಹೇಳುವುದು? ಮಾಡಿದ್ದೇನೆ ಅನ್ನುವಂತಿಲ್ಲ, ಮಾಡಿಲ್ಲ ಅನ್ನುವಂತಿಲ್ಲ.

ಪರೀಕ್ಷೆಯ ದಿನ ಎಂಬೂರಿಗೆ ಇನ್ನೊಬ್ಬನ ವ್ಯಾನಿನಲ್ಲಿ, ಪ್ರಯಾಣಿಕನಾಗಿ ಹೊರಟ. ಡ್ರೈವರಾದವನಿಗೆ ಹಿಂದೆ ಕೂರುವುದೆಂದರೆ ತನ್ನ ಮನೆಯಲ್ಲೇ ನೆಂಟನಾಗಿ ಕೂತ ಹಾಗೆ, ಕೈಕಾಲು ಎಲ್ಲಿಡಬೇಕು ತಿಳಿಯುವುದಿಲ್ಲ. ತೆನಿಂಗ್ ತಾನೂ ಬರುತ್ತೇನೆ ಅಂದಿದ್ದಳು, ಗದರಿಸಿ ಮನೆಯಲ್ಲೇ ಬಿಟ್ಟು ಬಂದಿದ್ದ. ಬಲಪಕ್ಕದಲ್ಲಿ ಕೂತ ಹೆಂಗಸು ಏನೋ ಕೇಳಿದಳು ಅಂತ ಕಾಣುತ್ತೆ, ಎರಡನೇ ಸಲ ಕೇಳುವಾಗ ಅವಳ ಮುಖದಲ್ಲಿ ಸಿಟ್ಟಿತ್ತು. ಎಂಜಿನ್ನಿನ ಗೂಡು ಡ್ರೈವರಿನ ಬಲಕ್ಕೇ ಇರುವ ಹಳೇ ಗಾಡಿಗಳು ಇವು, ಅವನ ಬಲಗಿವಿಯ ಪಕ್ಕದಲ್ಲೇ ಅದು ಇಷ್ಟು ವರ್ಷ ಅರಚಿದೆ. ಅದು ನಿಂತ ಮೇಲೂ ಒಳಗೆ ಅರಚುತ್ತಿರುತ್ತದೆ. ಆದರೆ ಆ ಅರಚಾಟದ ಒಳಗಿನಿಂದ, ಊಟಕ್ಕೆ ಕೂತಾಗ, ಇಗರ್ಜಿಯ ಪೂಜೆಯ ನಡುವೆ ಗಂಟೆಯಾಗುವ ಮುಂಚಿನ ಮೌನದಲ್ಲಿ, ಟಣ್ ಅಂತ ಬರುತ್ತದೆ. ಬೇರೆ ಏನೂ ಕೇಳಿಸದ ಕಿವಿಗೆ ಅದೊಂದು ಮಾತ್ರ ಎಷ್ಟು ಸ್ಪಷ್ಟ ಅಂದರೆ, ತಗಡಿನ ಯಾವ ಜಾಗಕ್ಕೆ ಬಡಿದದ್ದು, ಬಾಗಿಲಿನ ಮೇಲಿನ ತುಕ್ಕು ಹಿಡಿದ ಜಾಗಕ್ಕೋ ಕಿಟಕಿಯ ಸರಳಿಗೋ, ಅನ್ನುವುದೂ ಗೊತ್ತಾಗುತ್ತದೆ. ಗಾಬರಿಯಿಂದ ಎದ್ದು ನಿಂತುಬಿಡುತ್ತಾನೆ. ಯಾರು ಬಂದರು ಅಂತ ತೆನಿಂಗ್ ಕೇಳುತ್ತಾಳೆ. ಯಾರೂ ಇಲ್ಲ ಅನ್ನುತ್ತಾನೆ. ಆವತ್ತು ಕೇಳಿಸದೆ ಹೋದ ಸದ್ದು ದಾರಿ ತಪ್ಪಿ ಈಗ ಬರುತ್ತಿದೆಯೋ, ಅಥವಾ ಆಗದ ಸದ್ದನ್ನು ತಾನೇ ಕಟ್ಟಿಕೊಂಡು ಸಾಯುತ್ತಿದ್ದಾನೋ, ಹಾಳಾದ್ದು ಯಾರನ್ನು ಕೇಳುವುದು? ವ್ಯಾನು ಇದ್ದಕ್ಕಿದ್ದ ಹಾಗೆ ನಿಂತಿತು. ಒಬ್ಬ ಮುದುಕ ಎದ್ದು ನಾಣ್ಯವನ್ನು ಜೇಬಿಗೆ ಹಾಕಿಕೊಳ್ಳುತ್ತ ಇಳಿದ. ಬಡಿದಿರಬೇಕು. ಲಾತಿರ್ ಕೇಳಿಸಿಕೊಂಡಿರಲಿಲ್ಲ, ಆದರೆ ಆಗ ತಾನು ಯೋಚನೆಯಲ್ಲಿದ್ದೆ ಅಂತ ಹೇಳಿಕೊಂಡ. ಯೋಚನೆಯಲ್ಲಿದ್ದರೆ ಯಾರಿಗೂ ಕೇಳಿಸುವುದಿಲ್ಲ.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಡ್ರೈವರುಗಳೇ ತುಂಬಿದ್ದರು. ಲಾರಿಯವರು, ಟ್ಯಾಕ್ಸಿಯವರು, ಹೊಟ್ಟೆ ಒಳಗೆಳೆದುಕೊಂಡವರು, ಒಳಗೊಳಗೇ ಏನೋ ಪಠಿಸುತ್ತಿದ್ದವರು. ನರ್ಸು ಬಾಗಿಲಿಗೆ ಬಂದು ಹೆಸರು ಕೂಗುತ್ತಿದ್ದಳು. ಲಾತಿರ್ ಅವಳ ತುಟಿಯನ್ನೇ ನೋಡುತ್ತ ಕೂತ, ಎಡಗಿವಿಯನ್ನು ಬಾಗಿಲಿನ ಕಡೆ ಮಾಡಿಕೊಂಡು, ಸಹಜವಾಗಿ ಹಾಗೆ ಕೂತವನಂತೆ ಕಾಲ ಮೇಲೆ ಕಾಲು ಹಾಕಿಕೊಂಡು. ಹೆಸರು ಬಂದಾಗ ಮೊದಲ ಕೂಗಿಗೇ ಎದ್ದ. ಇಷ್ಟಕ್ಕೇ ಅವನಿಗೆ ಹಿಗ್ಗು. ನೋಡು, ಕೇಳಿಸಿತಲ್ಲ.

ಡಾಕ್ಟರ ಹೆಸರು ವಾನ್. ಎಳೆ ಮುಖ, ದಪ್ಪ ಕನ್ನಡಕ. ಚೀಟಿಯಲ್ಲಿ ಲಾತಿರ್ ತಿನ್ ಅಂತ ಓದಿದ್ದೇ ತಡ ಅವನ ಮುಖ ಅರಳಿತು. ಕುರ್ಚಿಗೊರಗಿ ಕೈಕಟ್ಟಿ ಕೂತ.

"ಓಹೋ, ಸೆರೆರ್! ನಮ್ಮಜ್ಜನ ಕಾಲದಲ್ಲಿ ಓಡಿಹೋಗಿದ್ದ ಆಳು ಇವತ್ತು ತಾನಾಗೇ ಸಿಕ್ಕಿಬಿದ್ದ ನೋಡು."

ಎಷ್ಟೋ ದಿನದಿಂದ ಬಿಗಿದಿದ್ದ ಎದೆ ಲಾತಿರನಿಗೆ ಒಮ್ಮೆಲೇ ಸಡಿಲವಾಯಿತು. ವಾನ್ ಅಂದರೆ ಅಪ್ಪಟ ತುಕುಲೋರ್ ಹೆಸರು.

"ಆಳು ಯಾರು ಅಂತ ನಿನ್ನ ಕುರ್ಚಿಗೇ ಗೊತ್ತು. ಒಡೆಯ ಬಂದರೆ ಎದ್ದು ನಿಲ್ಲಬೇಕು ಅನ್ನೋದನ್ನೂ ಕಲಿಸಲಿಲ್ವೇನೋ ನಿಮ್ಮಪ್ಪ?"

ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವಾನ್ ನಿಜಕ್ಕೂ ಎದ್ದು ನಿಂತು, ಅಗೋ ಎದ್ದೆ, ಇನ್ನು ಬಾಯಿ ತೆಗಿ, ಹೆಂಡ ಕುಡಿದ ನಾಲಿಗೆ ನೋಡೋಣ, ಅಂದ. ಹಾಗೇ ಆಡಿಕೊಳ್ಳುತ್ತ ಆಡಿಕೊಳ್ಳುತ್ತ ಕಣ್ಣಿನ ಪರೀಕ್ಷೆ ಮುಗಿಯಿತು, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದ್ದಾಯಿತು, ಅನ್ನ ಕಂಡರೆ ರಾಜ್ಯ ಮಾರುವ ಜಾತಿಗೆ ಒತ್ತಡ ಇಷ್ಟು ಕಮ್ಮಿ ಹೇಗೆ ಅಂತ ಅವನು ಕೇಳಿದ, ಹಾಲಿಗೆ ನೀರು ಬೆರೆಸುವ ಜಾತಿಯವರಿಂದ ದೂರ ಇದ್ದೀನಲ್ಲ ಅದಕ್ಕೆ, ಅಂತ ಲಾತಿರ್ ತಿರುಗಿಸಿ ಕೊಟ್ಟ. ಇಂಥವನು ಫೇಲು ಮಾಡುವನೇ ಅನ್ನಿಸಿತು. ತಕ್ಷಣವೇ, ಇಂಥವನು ಸುಮ್ಮನೆ ಪಾಸು ಮಾಡಿಬಿಟ್ಟರೆ ನನಗೆ ಉತ್ತರ ಸಿಗುವುದು ಹೇಗೆ ಅಂತಲೂ ಅನ್ನಿಸಿತು. ಎರಡೂ ಭಯ ಒಟ್ಟಿಗೇ ಬಂದು ಕೂತವು.

ಗೋಡೆಯ ಕಡೆ ಮುಖ ಮಾಡಿ ಕೂರಿಸಿದ. ಮೊದಲು ಬಲಗಿವಿ ಮುಚ್ಚಿಕೋ ಅಂದ. ಎಡಗಿವಿಗೆ ಅವನ ಪಿಸುಮಾತು ಮಳೆಹನಿಯ ಹಾಗೆ ಒಂದೊಂದೇ ಬಿತ್ತು. ಮೂವತ್ತೆಂಟು. ಹನ್ನೊಂದು. ತೊಂಬತ್ತು. ಆರೂ ಇಲ್ಲ ಗೀರೂ ಇಲ್ಲ, ಬಿರಾಮ್ ಹೇಳಿದ್ದೆಲ್ಲ ಬೊಗಳೆ. ಇನ್ನು ಎಡಗಿವಿ ಮುಚ್ಚಿಕೋ ಅಂದ. ಲಾತಿರ್ ಬೆರಳನ್ನು ನೋಯುವಷ್ಟು ಒಳಗೆ ಒತ್ತಿದ. ಮೋಸ ಬೇಡ, ಇವತ್ತೊಂದು ದಿನ ಮೋಸ ಬೇಡ. ಲೋಕ ಬಾಗಿಲು ಹಾಕಿಕೊಂಡ ಹಾಗಾಯಿತು. ಎಂಜಿನ್ನಿನ ಅರಚಾಟ ಶುರುವಾಯಿತು. ಗೋಡೆಗೆ ಬಳಿದ ನೀಲಿಬಣ್ಣ ಒಂದು ಕಡೆ ಹಪ್ಪಳದಂತೆ ಎದ್ದಿತ್ತು, ಅದನ್ನೇ ನೋಡುತ್ತ ಕಾದ. ಅಂದನೋ? ಅಂದಿರಬೇಕು. ಕುತ್ತಿಗೆಗೆ ಉಸಿರೂ ತಾಕಲಿಲ್ಲ, ತೆನಿಂಗಳ ಹಾಗೆ ಹತ್ತಿರ ನಿಲ್ಲುವವನಲ್ಲ ಇವನು. ಅರವತ್ತಾರು ಅಂದ ಲಾತಿರ್, ತೆನಿಂಗಳ ದನಿಯಲ್ಲಿ ಕೇಳಿಸಿದ ಹಾಗಾಗಿ. ಏನೂ ಆಗಲಿಲ್ಲ. ಇನ್ನೊಂದು ಅಂದನೇನೋ. ಓರೆಗಣ್ಣಿಗೆ ಬಾಗಿಲ ಬಳಿಯ ನರ್ಸು ಕಂಡಳು, ಅವಳ ಭುಜ ಕುಲುಕುತ್ತಿತ್ತು, ನಗುತ್ತಿದ್ದಳು. ಅವಳು ನಗುತ್ತಿರುವುದರಿಂದ ಎಲ್ಲ ಸರಿಯಿದೆ ಅಂದುಕೊಂಡು ಅವನೂ ನಕ್ಕ. ನಗುತ್ತಲೇ, ಗಟ್ಟಿಯಾಗಿ, "ಎಪ್ಪತ್ತಾರು" ಅಂದ.

ನರ್ಸಿನ ಭುಜ ನಿಂತುಹೋಯಿತು. ಅವಳು ಡಾಕ್ಟರ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಲಾತಿರ್ ಕಿವಿಯಿಂದ ಬೆರಳು ತೆಗೆದ. ವಾನ್ ಗೋಡೆಗೂ ಅವನಿಗೂ ನಡುವೆ ಬಂದು ನಿಂತಿದ್ದ. ಅವನ ಮುಖದಲ್ಲಿದ್ದ ತುಂಟತನವನ್ನು ಯಾರೋ ಒರೆಸಿ ತೆಗೆದಿದ್ದರು. ಅದನ್ನು ಕಂಡದ್ದೇ ಲಾತಿರನಿಗೆ ಗೊತ್ತಾಯಿತು. ಹೆಣದ ಎದುರಿಗೂ ಗೇಲಿ ನಿಲ್ಲಿಸದ ಜನ ಅವರು.

"ನಾನು ಏನಂದೆ?" ಅಂತ ಕೇಳಿದ ವಾನ್, ಬಹಳ ಮೆತ್ತಗೆ.

ಲಾತಿರ್ ನರ್ಸಿನ ಕಡೆ ನೋಡಿದ.

"ನಂಬರು ಹೇಳಲೇ ಇಲ್ಲ ಯಜಮಾನರೇ, ಎರಡು ಸಲವೂ. ನಿಮ್ಮ ವಂಶದವರನ್ನೆಲ್ಲ ಕಟ್ಟಿ ಸಂತೆಯಲ್ಲಿ ಮಾರ್ತೀನಿ, ಒಬ್ಬರನ್ನೂ ಯಾರೂ ಕೊಳ್ಳಲ್ಲ ಅಂದೆ. ಯಾವ ಸೆರೆರನಿಗೆ ಕೇಳಿಸಿದ್ದರೂ ನನ್ನ ಕತ್ತು ಹಿಡೀತಿದ್ದ."

ಯಜಮಾನರೇ. ಇಷ್ಟು ಹೊತ್ತು ಬೈದವನು ಈಗ ಕುರ್ಚಿ ಎಳೆದುಕೊಂಡು, ರೋಗಿಯ ಹತ್ತಿರ ಕೂರುವ ಹಾಗೆ ಕೂತ. ಎಷ್ಟು ದಿನದಿಂದ ಹೀಗೆ ಅಂತ ಕೇಳಿದ. ಗೊತ್ತಿಲ್ಲ ಅಂದ ಲಾತಿರ್. ಗೊತ್ತಿಲ್ಲ ಅನ್ನುವುದು ನಿಜವೇ? ದಿಬೋರ್ ಸಾಯುವುದಕ್ಕೆ ಎಷ್ಟೋ ಮೊದಲು ಒಂದು ಮಳೆಗಾಲದಲ್ಲಿ, ಬಲಮಗ್ಗುಲಾಗಿ ಮಲಗಿದರೆ ಮಳೆ ಕೇಳಿಸುತ್ತದೆ, ಎಡಮಗ್ಗುಲಾದರೆ ಮಳೆ ನಿಂತಂತಾಗುತ್ತದೆ, ಎಂಥ ವಿಚಿತ್ರ ಅಂತ ತೆನಿಂಗಳಿಗೆ ಹೇಳಿ ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ಮಾತನ್ನು ಆಮೇಲೆ ಯಾವತ್ತೂ ನೆನೆಸಿಕೊಂಡಿರಲಿಲ್ಲ, ಈಗ ಈ ನೀಲಿ ಗೋಡೆಯ ಮುಂದೆ ತಾನಾಗಿ ಬಂದು ನಿಂತಿತು. ಅಂದರೆ ಗೊತ್ತಿತ್ತು. ಪೊಲೀಸಿನವನು ಕೇಳಿದ ದಿನವೂ ಗೊತ್ತಿತ್ತು. ಕೇಳಿಸಲಿಲ್ಲ ಅಂದವನು ಇನ್ನು ನಾಲ್ಕು ಮಾತು ಸೇರಿಸಿ, ನನಗೆ ಆ ಕಡೆ ಕೇಳಿಸುವುದೇ ಇಲ್ಲ ಅನ್ನಬಹುದಾಗಿತ್ತು.

ವಾನ್ ಬಾಗಿಲು ಮುಂದೆ ಮಾಡಿಸಿ ದನಿ ತಗ್ಗಿಸಿದ, ಆಮೇಲೆ ನೆನಪಾಗಿ ಮತ್ತೆ ಏರಿಸಿದ. ಎಡಗಿವಿ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ, ಎಷ್ಟೋ ಜನ ಇದಕ್ಕಿಂತ ಕೆಟ್ಟ ಕಿವಿ ಇಟ್ಟುಕೊಂಡು ಓಡಿಸುತ್ತಿದ್ದಾರೆ, ಕಿವಿಗೆ ಹಾಕುವ ಯಂತ್ರ ಬರುತ್ತೆ, ಅದನ್ನು ಮಾಡಿಸಿಕೊಳ್ಳುತ್ತೀನಿ ಅಂತ ಮಾತು ಕೊಟ್ಟರೆ ಎರಡೂ ಕಿವಿ ಸರಿ ಅಂತ ಇವತ್ತು ಬರೆದುಕೊಡುತ್ತೀನಿ, ಅಂದ. ಗೇಲಿಯ ನೆಂಟನಿಗೆ ಸಾಧ್ಯವಾದ ಉಪಕಾರ ಮಾಡದಿದ್ದರೆ ಪಾಪ ಅಂತ ಅವರಲ್ಲಿ ನಂಬಿಕೆ. ಪೆನ್ನು ತೆಗೆದು ಸರ್ಟಿಫಿಕೇಟನ್ನು ಹತ್ತಿರ ಎಳೆದುಕೊಂಡ. ಬರೆದರೆ ಮುಗಿಯಿತು. ನಾಳೆ ವ್ಯಾನು, ಜನ, ರಸ್ತೆ. ಮನೆಯಲ್ಲಿ ಒಲೆ ಉರಿಯುತ್ತೆ. ಸರ್ಕಾರದ ಮೊಹರಿನ ಕೆಳಗೆ ಎರಡೂ ಕಿವಿ ಸರಿ ಅಂತ ಇರುತ್ತೆ, ಆದ್ದರಿಂದ ದಿಬೋರ್ ಬಡಿಯಲಿಲ್ಲ ಅಂತಲೂ ಇರುತ್ತೆ, ಆ ತಾಯಿ ತಾನು ಸಾಯುವ ತನಕ ಸತ್ತ ಮಗಳನ್ನು ಬೈಯುತ್ತ ಇವನ ಕೈ ಸವರುತ್ತಾಳೆ. ಲಾತಿರ್ ತನ್ನ ಅಂಗೈಯನ್ನು ಸರ್ಟಿಫಿಕೇಟಿನ ಮೇಲೆ ಇಟ್ಟ.

"ಬೇಡ. ಬಲಗಿವಿ ಕೇಳಿಸೋದಿಲ್ಲ ಅಂತ ಬರಿ," ಅಂದ. "ಬಹಳ ವರ್ಷದಿಂದ ಕೇಳಿಸೋದಿಲ್ಲ ಅಂತ ಬರಿ. ಅವಳು ಬಡಿದಿದ್ದಳು."

"ಯಾರು?" ಅಂದ ವಾನ್.

ಹೇಳಿದ. ಹೆಚ್ಚಿಗೆ ಹೇಳಲಿಲ್ಲ, ತಿರುವು, ಬೋಗುಣಿ, ಕಲ್ಲು, ಪೊಲೀಸರಿಗೆ ತಾನು ಅಂದ ಒಂದು ಮಾತು. ಹೇಳುವಾಗ ಅಳು ಬಂತು, ಅತ್ತ. ನರ್ಸು ಹೊರಗೆ ಹೋಗಬೇಕೋ ಬೇಡವೋ ತಿಳಿಯದೆ ಬಾಗಿಲ ಹಿಡಿ ಹಿಡಿದುಕೊಂಡೇ ನಿಂತಿದ್ದಳು. ವಾನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇದನ್ನು ಬರೆದರೆ ನಿಮಗೆ ಲೈಸೆನ್ಸು ಸಿಗೋದಿಲ್ಲ, ಮತ್ತೆ ಸಿಗುತ್ತೆ ಅಂತ ನಾನು ಮಾತು ಕೊಡಲಾರೆ, ಅಂದ. ಗೊತ್ತು ಅಂದ ಲಾತಿರ್. ಡಾಕ್ಟರು ಬರೆದ, ನಿಧಾನವಾಗಿ, ಸಹಿ ಹಾಕಿ ಮೊಹರು ಒತ್ತಿದ. ಲಾತಿರ್ ಅದನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದ. ಏಳಲಿಲ್ಲ.

"ಇಂಥದೇ ಇನ್ನೊಂದು ಬೇಕು," ಅಂದ.

"ಕಚೇರಿಯವರಿಗೆ ಒಂದೇ ಸಾಕು."

"ಇದು ಅವಳ ತಾಯಿಗೆ. ಅವರಿಗೆ ಓದೋಕೆ ಬರೋಲ್ಲ, ನಾನೇ ಓದಿ ಹೇಳ್ತೀನಿ."